ಹಿತ್ತಲ ಬಾಗಿಲಿಗೆ ಬೀಗ

ಮಗು ಅಳುವುದಿಲ್ಲ ಎಂದು ಯಾರೂ ದೂರು ಕೊಡುವುದಿಲ್ಲ. ಕಚ್ಚುತ್ತದೆ, ಪಕ್ಕದ ಮಗುವಿನ ಕೂದಲು ಕೀಳುತ್ತದೆ, ಚಡ್ಡಿಯಲ್ಲೇ ಮಾಡಿಕೊಳ್ಳುತ್ತದೆ ಎಂದರೆ ಫೋನು ಬರುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಆ ಕೇಂದ್ರದಿಂದ ವಾರಗಟ್ಟಲೆ ಫೋನೇ ಬರಲಿಲ್ಲ. ಸದ್ಯ, ಒಂದು ಕಡೆಯಾದರೂ ಎಲ್ಲ ಸರಿಯಾಗಿ ನಡೆಯುತ್ತಿದೆಯಲ್ಲ ಎಂದು ನಾನು ನಿಶ್ಚಿಂತೆಯಾಗಿದ್ದೆ. ನಾಲ್ಕು ತಾಲ್ಲೂಕುಗಳನ್ನು ಸ್ಕೂಟರಿನಲ್ಲಿ ಸುತ್ತುವವಳಿಗೆ ಇಂಥ ನೆಮ್ಮದಿ ಸಿಕ್ಕರೆ ಯಾಕೆ, ಏನು ಎಂದು ಕೇಳುತ್ತಾ ಕೂರುವ ವ್ಯವಧಾನ ಎಲ್ಲಿರುತ್ತದೆ?

ಕೂಲಿಗೆ ಹೋಗುವ ಹೆಂಗಸರ ಸಣ್ಣ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಗಳಿಗೆ ನಾನು ಮೇಲ್ವಿಚಾರಕಿ. ಅವನ್ನು ನಡೆಸುತ್ತಿದ್ದದ್ದು ಒಂದು ಸಣ್ಣ ಸಂಸ್ಥೆ. ಬೋರ್ಡಿನ ಮೇಲೆ ಶಿಶುಪಾಲನಾ ಕೇಂದ್ರ ಎಂದಿದ್ದರೂ ಊರವರ ಬಾಯಲ್ಲಿ ಅದು ಐಕಳ ಮನೆ. ನಾನಿರುವುದು ಹುಣಸೂರಿನಲ್ಲಿ. ಬೆಳಗಾದರೆ ಒಂದು ದಿನ ಕೆ.ಆರ್. ನಗರದ ಕಡೆ, ಇನ್ನೊಂದು ದಿನ ಎಚ್.ಡಿ. ಕೋಟೆಯ ಕಡೆ. ಮಕ್ಕಳ ತೂಕ ನೋಡುವುದು, ಗಂಜಿಗೆ ಕಾಳು ಹಾಕಿದ್ದಾರೋ ಇಲ್ಲವೋ ನೋಡುವುದು, ಆಯಾಗಳಿಗೆ ತರಬೇತಿ ಕೊಡುವುದು, ಕಕ್ಕಸಿಗೆ ನೀರು ಬರುತ್ತಿದೆಯೇ ಎಂದು ನೋಡುವುದು. ಈ ಕೊನೆಯದಕ್ಕೇ ನನ್ನ ಅರ್ಧ ಆಯುಷ್ಯ ಹೋಯಿತು.

ಆ ಊರು ಬೈಲಕುಪ್ಪೆಯಿಂದ ಒಳಕ್ಕೆ, ಕೊಡಗಿನ ಗಡಿಗೆ ಹತ್ತಿರ. ಹೊಗೆಸೊಪ್ಪಿನ ಕೆಲಸ ಮುಗಿಯುತ್ತಿದ್ದಂತೆ ಅಲ್ಲಿನ ಹೆಂಗಸರು ಕಾಫಿ ಹಣ್ಣು ಬಿಡಿಸಲು ಜೀಪಿನಲ್ಲಿ ಕೊಡಗಿಗೆ ಹೋಗುತ್ತಾರೆ. ನಸುಕಿನಲ್ಲಿ ಜೀಪು ಹೊರಟರೆ ವಾಪಸು ಬರುವುದು ಸಂಜೆ. ನಮ್ಮ ಕೇಂದ್ರ ಇದ್ದದ್ದು ಹಿಂದೆ ಯಾರೋ ಸೊಪ್ಪು ವಿಂಗಡಿಸಲು ಕಟ್ಟಿಸಿದ್ದ ಉದ್ದನೆಯ ಕೊಠಡಿಯಲ್ಲಿ. ಸುಣ್ಣ ಬಳಿದು, ಗೋಡೆಯ ಮೇಲೆ ಗಿಳಿ, ಮೊಲ ಬರೆಸಿದ್ದೆವು. ಆದರೂ ಮೋಡ ಕವಿದ ದಿನ ಆ ಮೊಲ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಕೊಠಡಿಗೆ ಎರಡು ಬಾಗಿಲು. ಮುಂದಿನದು ಊರ ಬೀದಿಗೆ, ಹಿಂದಿನದು ಹಿತ್ತಲಿಗೆ. ಹೆಂಗಸರನ್ನು ಅವರವರ ಮನೆಯ ಮುಂದೆ ಹತ್ತಿಸಿಕೊಂಡು, ಮಕ್ಕಳ ಸಮೇತ ಕೇಂದ್ರದ ಮುಂದೆ ಇಳಿಸುವ ಜೀಪು ಆಮೇಲೆ ಹಿತ್ತಲಿನಾಚೆಯ ಹೊಲದ ದಾರಿಯಲ್ಲಿ ನಿಲ್ಲುತ್ತಿತ್ತು.

ತಿಂಗಳ ತೂಕ ನೋಡಲು ಹೋದ ದಿನ ಒಂದು ಹೆಣ್ಣು ಮಗುವಿನ ತೂಕ ಇಳಿದಿರುವುದು ಕಂಡಿತು. ಹಿಂದಿನ ತಿಂಗಳೂ ಇಳಿದಿತ್ತು. ತೋಳಿಗೆ ಸುತ್ತಿ ಅಳೆಯುವ ಪಟ್ಟಿ ಹಸಿರಿನಿಂದ ಹಳದಿಗೆ ಬಂದಿತ್ತು. ಎರಡು ದಾಟಿ ಮೂರು ತುಂಬದ ಮಗು. ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಜ್ವರವಿಲ್ಲ, ಭೇದಿಯಿಲ್ಲ, ಜಂತಿನ ಔಷಧಿ ಕೊಟ್ಟಾಗಿತ್ತು. ಏನು ತಿನ್ನುತ್ತಾಳೆ ಎಂದರೆ ದೊಡ್ಡ ಆಯಾ, "ಬಾಯಿಗ್ ಹಾಕುದ್ರೆ ಹಾಕುಸ್ಕತ್ತಾಳೆ ಮೇಡಂ, ನುಂಗಾಕಿಲ್ಲ. ದವಡೇಲೇ ಮಡೀಕತ್ತಾಳೆ. ಆದ್ರೆ ಬಾಳ ಒಳ್ಳೆ ಮಗ. ಸದ್ದೇ ಇಲ್ಲ," ಎಂದರು. ಆ ದೊಡ್ಡ ಆಯಾ ಊರಿನವರೇ. ಗಟ್ಟಿ ಹೆಂಗಸು, ಮಕ್ಕಳೆಂದರೆ ಪ್ರಾಣ. ತಾಯಂದಿರು ಅವರನ್ನು ದೊಡ್ಡವ್ವ ಎಂದು ಕರೆಯುತ್ತಿದ್ದರು. ಅವರ ಕೈಕೆಳಗೆ ಇನ್ನೊಬ್ಬ ಚಿಕ್ಕ ಆಯಾ.

ಬೆಳಿಗ್ಗೆ ಏನು ನಡೆಯುತ್ತದೆ ನೋಡೋಣವೆಂದು ಮುಂದಿನ ವಾರ ದೊಡ್ಡವ್ವನ ಮನೆಯಲ್ಲೇ ಉಳಿದು ಜೀಪಿನ ಹೊತ್ತಿಗೆ ಕೇಂದ್ರಕ್ಕೆ ಹೋದೆ. ಅಲ್ಲಿ ಕಂಡದ್ದನ್ನು ಕಲೆ ಎಂದೇ ಕರೆಯಬೇಕು. ತಾಯಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮುಂಬಾಗಿಲಿನಿಂದ ಬರುತ್ತಾಳೆ. ದೊಡ್ಡವ್ವ ಎರಡು ಕೈ ಚಾಚಿ ಮಗುವನ್ನು ಎತ್ತಿಕೊಂಡು ಕಿಟಕಿಯ ಕಡೆ ತಿರುಗುತ್ತಾರೆ. "ಅಗೋ ಅಗೋ, ಕೋಳಿ ನೋಡು, ಏಟೊಂದ್ ಮರಿ!" ಮಗು ಕೋಳಿ ನೋಡುತ್ತದೆ. ಅಷ್ಟರಲ್ಲಿ ತಾಯಿ ಬಳೆ ಸದ್ದಾಗದಂತೆ ಕೈ ಅದುಮಿಕೊಂಡು ಹಿತ್ತಲ ಬಾಗಿಲಿನಿಂದ ಮಾಯ. ಮಗು ತಿರುಗಿ ನೋಡಿದರೆ ಅವ್ವ ಇಲ್ಲ. ಕೆಳತುಟಿ ಮುಂದೆ ಬರುವ ಹೊತ್ತಿಗೆ ಚಿಕ್ಕ ಆಯಾ ತಟ್ಟೆ ಬಡಿಯುತ್ತಾಳೆ. "ಅವ್ವ ಉಚ್ಚೆ ಉಯ್ಯಕ್ ವೋಗವ್ಳೆ ಕಣೋ, ಈಗ್ಲೇ ಬತ್ತಾಳೆ." ಆ ಈಗಲೇ ಎಂಬುದು ಸಂಜೆಯವರೆಗೆ ಎಳೆಯುತ್ತಿತ್ತು.

"ನೋಡುದ್ರಾ ಮೇಡಂ, ಒಂದ್ ಮಗಾನೂ ಅಳಾಕಿಲ್ಲ ನಮ್ ತಾವ," ಎಂದರು ದೊಡ್ಡವ್ವ. ನಿಜ, ಯಾರೂ ಅಳಲಿಲ್ಲ. ಪುಟ್ಟಿ ಮಾತ್ರ ಕೋಳಿಯನ್ನೂ ನೋಡಲಿಲ್ಲ, ತಟ್ಟೆಯನ್ನೂ ನೋಡಲಿಲ್ಲ. ಅವಳಿಗೆ ಈ ಆಟ ಗೊತ್ತಾಗಿಹೋಗಿತ್ತು. ಕೆಳಗೆ ಇಳಿಸಿದ ಕೂಡಲೇ ಹೋಗಿ ಗೋಡೆಗೆ ಬೆನ್ನು ಕೊಟ್ಟು, ಹಿತ್ತಲ ಬಾಗಿಲಿಗೆ ಮುಖ ಮಾಡಿ ಕುಳಿತಳು. ಮಧ್ಯಾಹ್ನ ಎಲ್ಲ ಮಕ್ಕಳೂ ಮಲಗಿದರು, ಅವಳು ಮಲಗಲಿಲ್ಲ. ನಿದ್ದೆ ಬಂದು ತಲೆ ವಾಲಿದಾಗಲೆಲ್ಲ ಬೆಚ್ಚಿ ಎದ್ದು ಮತ್ತೆ ಬಾಗಿಲು ನೋಡುತ್ತಿದ್ದಳು. ಸಂಜೆ ತಾಯಿ ಬಂದಾಗ ಉಳಿದ ಮಕ್ಕಳು ಓಡಿಹೋಗಿ ಅವರವರ ತಾಯಂದಿರ ಕಾಲು ತಬ್ಬಿಕೊಂಡರೆ, ಇವಳು ಎದ್ದು ತನ್ನ ಚಪ್ಪಲಿ ಹುಡುಕಿ ಕೈಯಲ್ಲಿ ಹಿಡಿದು ನಿಂತಳು.

ತಾಯಿಗೆ ಇಪ್ಪತ್ತೈದರ ಆಸುಪಾಸು. ಗಂಡ ಹೇಳದೆ ಹೋದವನು, ಕೇರಳದಲ್ಲಿ ಶುಂಠಿ ಕೆಲಸದಲ್ಲಿದ್ದಾನೆಂದು ಯಾರೋ ಹೇಳಿದ್ದು ಬಿಟ್ಟರೆ ಸುದ್ದಿಯಿಲ್ಲ. ತೂಕದ ವಿಷಯ ಹೇಳಿದಾಗ ಅವಳು ಗಾಬರಿಯಾಗಲಿಲ್ಲ. ಆಗಲೇ ದಾರಿ ಯೋಚಿಸಿಟ್ಟಿದ್ದಳು.

"ಇಂಗೇ ಆದ್ರೆ ನಮ್ಮವ್ವನ್ ತಾವ ಬುಟ್ಬುಡ್ತೀನಿ ಕಣಕ್ಕಾ. ಕೋಟೆ ಕಡೆ, ಅಂತರಸಂತೆ ತಾವ. ಕಾಪಿ ಮುಗಿಯೋ ಗಂಟ."

"ಅವಳನ್ನ ಬಿಟ್ಟು ಹೆಂಗೆ ಬರ್ತೀಯಾ?"

"ಮಲಗಿರೋ ಒತ್ನಲ್ಲಿ ಎದ್ದು ಬಂದ್ಬುಟ್ರೆ ಆಯ್ತು. ಏನೂ ಗೊತ್ತಾಗಾಕಿಲ್ಲ. ನನ್ನೂ ನಮ್ಮವ್ವ ಅಂಗೇ ಬುಟ್ಟಿದ್ದು, ನಮ್ಮಜ್ಜಿ ತಾವ. ಕಾಪಿ ಮುಗಿಯೋ ಗಂಟ ಅಂತ. ಆಮೇಕೆ ಸುಂಟಿ. ಆಮೇಕೆ ಇಸ್ಕೂಲ್ಗೂ ಅಲ್ಲೇ ಸೇರುಸ್ಬುಟ್ರು." ಅವಳು ನಕ್ಕಳು. "ನಂಗೇನಾಯ್ತು ಯೋಳಿ? ಚೆನ್ನಾಗೇ ಇವ್ನಿ ತಾನೇ?"

ಚೆನ್ನಾಗಿದ್ದಳು. ಕೆಲಸದಲ್ಲಿ ಚುರುಕು, ಯಾರ ತಂಟೆಗೂ ಹೋಗುವವಳಲ್ಲ. ಆದರೆ ಆಮೇಲಾಮೇಲೆ ಅವಳ ಬಗ್ಗೆ ತಿಳಿದದ್ದೇನೆಂದರೆ, ಗಂಡನ ಊರು ಬಿಟ್ಟು ಬಂದಾಗ ಅತ್ತೆಗೆ ಹೇಳಿರಲಿಲ್ಲ. ಹಿಂದಿನ ವರ್ಷ ಇನ್ನೊಂದು ಗುಂಪಿನೊಂದಿಗೆ ಕೆಲಸಕ್ಕೆ ಹೋಗುತ್ತಿದ್ದವಳು ಒಂದು ದಿನ ಹೇಳದೆ ಕೇಳದೆ ನಿಲ್ಲಿಸಿದ್ದಳು. ಜೊತೆಯ ಹೆಂಗಸರಲ್ಲಿ ಒಬ್ಬಳೂ ಅವಳ ಗೆಳತಿಯಲ್ಲ. "ಅವ್ಳು ಯಾರ್ನೂ ಅಚ್ಕೊಳಾಕಿಲ್ಲ ಕಣಮ್ಮ," ಎಂದು ದೊಡ್ಡವ್ವ ಹೇಳಿದಾಗ ಅದರಲ್ಲಿ ಮೆಚ್ಚುಗೆಯೂ ಇತ್ತು.

ಹುಣಸೂರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಚುಂಚನಕಟ್ಟೆಯ ಬಳಿಯ ನಮ್ಮ ಕೇಂದ್ರ ನೆನಪಾಗುತ್ತಿತ್ತು. ಅಲ್ಲಿ ತಾಯಂದಿರ ಗದ್ದೆ ಕಣ್ಣಳತೆಯಲ್ಲೇ ಇದೆ. ಹಾಗಾಗಿ ಯಾರೂ ಕದ್ದು ಹೋಗುವುದಿಲ್ಲ. ಮಗು ಅಳುತ್ತದೆ, ತಾಯಿ ಗದರುತ್ತಾಳೆ, ಹೋಗುತ್ತಾಳೆ, ಮಧ್ಯಾಹ್ನ ಕೆಸರು ಕಾಲಿನಲ್ಲೇ ಬಂದು ಮುಖ ತೋರಿಸುತ್ತಾಳೆ. ಗಲಾಟೆಯೋ ಗಲಾಟೆ. ಆದರೆ ಆ ಮಕ್ಕಳು ಉಣ್ಣುತ್ತವೆ, ಗೊರಕೆ ಹೊಡೆಯುತ್ತವೆ. ಕೊಡಗನ್ನು ನಾನು ಹತ್ತಿರಕ್ಕೆ ತರಲಾರೆ. ಆದರೆ ಅವ್ವ ಯಾವಾಗ ಬೇಕಾದರೂ ಮಾಯವಾಗಬಹುದು ಎಂಬ ಭಯವನ್ನು ತೆಗೆಯಬಹುದಲ್ಲ? ಹಿತ್ತಲ ಬಾಗಿಲಿಗೆ ಬೀಗ ಹಾಕುವುದೆಂದು ಅಂದೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಹಾಕಲು ಬಿಡುತ್ತಿರಲಿಲ್ಲ.

ಜೀಪಿಗೆ ರಜೆಯಿದ್ದ ಭಾನುವಾರ ತಾಯಂದಿರನ್ನು ಕೂಡಿಸಿ ಹೇಳಿದೆ. ಇನ್ನು ಮುಂದೆ ಮುಂಬಾಗಿಲಿನಿಂದಲೇ ಬರಬೇಕು, ಮುಂಬಾಗಿಲಿನಿಂದಲೇ ಹೋಗಬೇಕು. ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು, ಮುಖ ನೋಡಿ, ಎಲ್ಲಿಗೆ ಹೋಗುತ್ತಿದ್ದೇನೆ, ಯಾವಾಗ ಬರುತ್ತೇನೆ ಎಂದು ಹೇಳಬೇಕು. ಮಕ್ಕಳಿಗೆ ಗಂಟೆ ತಿಳಿಯದು, ಆದ್ದರಿಂದ ಗಂಜಿ ಕುಡಿದ ಮೇಲೆ, ಮಲಗಿ ಎದ್ದ ಮೇಲೆ, ದನ ಮನೆಗೆ ಬಂದ ಮೇಲೆ ಎಂದು ಹೇಳಬೇಕು. ಅಳುತ್ತದೆ, ಅಳಲಿ. ಪ್ರತಿ ಮಗುವಿಗೂ ಒಬ್ಬರೇ ಆಯಾ, ಅವರೇ ಎತ್ತಿಕೊಳ್ಳುವುದು, ಅವರೇ ಉಣಿಸುವುದು. ತಾಯಿ ತೊಟ್ಟು ಬಿಟ್ಟ ಒಂದು ರವಿಕೆಯೋ ಉಟ್ಟ ಸೀರೆಯ ತುಂಡೋ ಮಗುವಿನ ಚೀಲದಲ್ಲಿರಲಿ, ಒಗೆಯಬೇಡಿ. ರಜೆಯ ದಿನ ತಾಯಿಯೂ ಅರ್ಧ ದಿನ ಕೇಂದ್ರದಲ್ಲಿ ಕೂರಲಿ.

ಒಗೆಯದ ರವಿಕೆ ಎಂದಾಗ ಎಲ್ಲರೂ ಮೂಗು ಮುಚ್ಚಿಕೊಂಡು ನಕ್ಕರು. ಅಳಲಿ ಎಂದದ್ದಕ್ಕೆ ಮಾತ್ರ ಯಾರೂ ನಗಲಿಲ್ಲ.

"ಅಳ್ಸಿ ವೋಗಾದಾ?" ಎಂದರು ದೊಡ್ಡವ್ವ. "ಪಾಪ ಕಣಮ್ಮ. ಇದ್ ಯಾವ್ ಪುಸ್ತಕದಲ್ಲೈತೆ?"

"ಮಗ ಅಳೋದ್ ನೋಡ್ಕಂಡು ವೋದ್ರೆ ಅಲ್ಲಿ ಕೈ ಆಡಾಕಿಲ್ಲ ಮೇಡಂ," ಎಂದಳು ಒಬ್ಬ ತಾಯಿ. "ದಿನಾ ಪೂರ್ತಿ ಕಿವೀಲಿ ಅದೇ ಇರ್ತದೆ."

"ಹಂಗಾದ್ರೆ ಕದ್ದು ಹೋಗೋದು ಮಗೂಗೋಸ್ಕರ ಅಲ್ಲ, ನಮಗೋಸ್ಕರ," ಎಂದೆ. ಅಷ್ಟು ಒರಟಾಗಿ ಹೇಳಬಾರದಿತ್ತು. ಸಭೆ ಅಲ್ಲಿಗೇ ಮುಗಿಯಿತು. ಎಲ್ಲರೂ ಸೆರಗು ಕೊಡವಿಕೊಂಡು ಎದ್ದರು. ಪುಟ್ಟಿಯ ತಾಯಿ ಮಾತ್ರ ಉಳಿದಳು. ಒಂದು ತಿಂಗಳು ನೋಡೋಣ, ಅಷ್ಟರಲ್ಲಿ ತೂಕ ಏರದಿದ್ದರೆ ಅಂತರಸಂತೆಗೆ ಬಿಡು ಎಂದೆ. ಆಯಿತು ಎನ್ನುವಂತೆ ಕತ್ತು ಆಡಿಸಿದಳು.

ಬೀಗ ಹಾಕಿದ ಮೊದಲ ಬೆಳಿಗ್ಗೆಯನ್ನು ನೆನೆದರೆ ಈಗಲೂ ತಲೆ ಧಿಮ್ ಎನ್ನುತ್ತದೆ. ಮಕ್ಕಳು ಒಂದರ ಹಿಂದೊಂದು ಶುರು ಮಾಡಿದವು. ಒಂದು ಅವ್ವನ ಸೀರೆಯ ನೆರಿಗೆಯನ್ನೇ ಬಿಚ್ಚಿಹಾಕಿತು. ಒಂದು ಕುಡಿದ ಹಾಲನ್ನೆಲ್ಲ ನನ್ನ ಮೇಲೆ ಕಕ್ಕಿತು. ತಾಯಂದಿರು ಹೊಸ್ತಿಲಲ್ಲಿ ನಿಂತು ತಾವೂ ಅಳುತ್ತಿದ್ದರು. ಜೀಪಿನ ಮೇಸ್ತ್ರಿ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕೊಡಗಿನ ತೋಟಗಳಿಗೆ ಆಳು ಕರೆದೊಯ್ಯುವವನು ಅವನೇ. ಯಾರನ್ನು ಹತ್ತಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದು ಅವನ ಕೈಯಲ್ಲಿ. ಅವನು ಯಾರನ್ನೂ ನಾಳೆಯಿಂದ ಬರಬೇಡ ಎಂದು ಹೇಳುವವನಲ್ಲ. ಮರುದಿನ ಅವರ ಮನೆಯ ಮುಂದೆ ಜೀಪು ನಿಲ್ಲುವುದಿಲ್ಲ, ಅಷ್ಟೇ.

ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಪಂಚಾಯಿತಿ ಸದಸ್ಯರೊಬ್ಬರು ಬಂದು ಬಾಗಿಲಲ್ಲಿ ನಿಂತರು. "ಏನ್ ಮೇಡಂ, ಐಕ್ಳಿಗೆ ಬರೆಗಿರೆ ಆಕ್ತಿದ್ದೀರಾ? ಊರ್ ತುಂಬ ಅದೇ ಮಾತು." ಒಳಗೆ ಕರೆದು ಕೂರಿಸಿದೆ. ಅವರ ತೊಡೆಗೆ ಒಂದು ಮಗು ಸಿಂಬಳ ಒರೆಸಿದ ಮೇಲೆ ಬೇಗ ಎದ್ದು ಹೋದರು. ಕೆಲವು ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡು ನೆರೆಮನೆಯ ಮುದುಕಿಯರ ಬಳಿ ಬಿಟ್ಟರು. ಚಿಕ್ಕ ಆಯಾ ತಲೆನೋವೆಂದು ರಜೆ ಹಾಕಿದಳು. ಮಕ್ಕಳ ಸಂಖ್ಯೆ ಯಾಕೆ ಕಡಿಮೆಯಾಯಿತೆಂದು ಕಚೇರಿಯಿಂದ ಫೋನು. ನಾನು ಉಳಿದ ಕೇಂದ್ರಗಳನ್ನು ಬಿಟ್ಟು ಅಲ್ಲೇ ಬೀಡುಬಿಟ್ಟಿದ್ದೆ. ಸೊಂಟ ಬಿದ್ದುಹೋಗಿತ್ತು. ಬೇಕಾಗಿತ್ತೇ ಇದೆಲ್ಲ, ಬಾಗಿಲು ತೆಗೆದುಬಿಡೋಣ ಎಂದು ಒಮ್ಮೆ ಬೀಗದ ಕೈಯನ್ನು ತೆಗೆದುಕೊಂಡೂ ಆಗಿತ್ತು. ದೊಡ್ಡವ್ವ ನೋಡಿದರು. "ಆಕಿದ್ದು ಆಗೋಗದೆ, ಇನ್ನ ವಸಿ ದಿನ ಇರ್ಲಿ ಬುಡಿ," ಎಂದರು. ನನಗೆ ಬೈಯುತ್ತಲೇ ಇದ್ದವರು ಹಾಗೆಂದಾಗ ನನಗೆ ಅಳು ಬಂತು.

ಇಷ್ಟೆಲ್ಲದರ ನಡುವೆ ಅಳದಿದ್ದವಳು ಪುಟ್ಟಿ ಒಬ್ಬಳೇ. ಅವಳಿಗೆ ಯಾರೂ ಏನೂ ಹೇಳಿಯೇ ಇರಲಿಲ್ಲ. ಅವಳ ತಾಯಿ ದಿನವೂ ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಒಂದು ಮಾತೂ ಬಾರದೆ ಎದ್ದು ಹೋಗುತ್ತಿದ್ದಳು. ಸೋಮಾರಿತನವೋ, ನನ್ನ ಮೇಲಿನ ಸಿಟ್ಟೋ ಎಂದುಕೊಂಡೆ. ಒಂದು ಸಂಜೆ ಕೇಳಿಯೇ ಬಿಟ್ಟೆ.

"ಬಾಯೇ ಬರಾಕಿಲ್ಲ ಕಣಕ್ಕಾ," ಎಂದಳು. "ಏನ್ ಯೋಳ್ಬೇಕು ಅಂತ್ಲೇ ಮರ್ತೋಯ್ತದೆ."

"ಮಗೂಗೆ ಬೇಡ. ಮೊದಲು ನನಗೆ ಹೇಳು."

"ನಿಮ್ಗೇನ್ ಯೋಳಾದು!" ಎಂದು ನಾಚಿದಳು. ಕೊನೆಗೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ನಾನು ಮಗುವಿನಂತೆ ಕೂತೆ, ಅವಳು ಎದುರಿಗೆ ಕೂತಳು. ದೊಡ್ಡವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. "ನಾನ್ ಕೆಲ್ಸಕ್ ವೋಯ್ತಾ ಇವ್ನಿ," ಎಂದು ನಗುತ್ತಲೇ ಶುರು ಮಾಡಿದವಳು, "ನೀನ್ ಅಳ್ಬೇಡ, ನಾ ಬಂದೇ ಬತ್ತೀನಿ," ಎನ್ನುವ ಹೊತ್ತಿಗೆ ನಗು ನಿಂತು ಮುಖ ಕಪ್ಪಿಟ್ಟಿತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಎದ್ದು ನಲ್ಲಿಯಲ್ಲಿ ಮುಖ ತೊಳೆದುಕೊಂಡು ಮಗುವನ್ನೆತ್ತಿಕೊಂಡು ಹೋದಳು. ದೊಡ್ಡವ್ವನೂ ನಗುವುದನ್ನು ನಿಲ್ಲಿಸಿದ್ದರು.

ಮಾರನೆಯ ಬೆಳಿಗ್ಗೆ ಮಗಳಿಗೆ ಹೇಳಿದಳು. "ಕಾಪಿ ಅಣ್ಣು ಬುಡ್ಸಕ್ ವೋಯ್ತೀನಿ ಕಣವ್ವ. ನೀ ಗಂಜಿ ಕುಡ್ದು, ಮಲ್ಗೆದ್ದು, ದನ ಬಂದ್ ಮ್ಯಾಕೆ ನಾನೂ ಬತ್ತೀನಿ." ಪುಟ್ಟಿ ಅವಳ ಬಾಯನ್ನೇ ನೋಡಿದಳು, ಅಷ್ಟೇ. ಅತ್ತ ಕಡೆ ತಾಯಿ ಓಡಿಹೋಗಿ ಜೀಪು ಹತ್ತಿದಳು.

ಮುಂದಿನ ದಿನಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಬೇರೆ ಮಕ್ಕಳ ಅಳು ಕ್ರಮೇಣ ಕಡಿಮೆಯಾಯಿತು. ತಾಯಿ ಕಣ್ಮರೆಯಾಗುವವರೆಗೆ ಅತ್ತು, ಆಮೇಲೆ ಮೂಗೊರೆಸಿಕೊಂಡು ಆಟಕ್ಕೆ ಹೋಗುತ್ತಿದ್ದವು. ಬಿಟ್ಟು ಹೋಗಿದ್ದ ಮಕ್ಕಳಲ್ಲಿ ಕೆಲವರು ಮರಳಿ ಬಂದರು. ಪುಟ್ಟಿ ಗಂಜಿ ನುಂಗತೊಡಗಿದಳು. ಒಂದು ಮಧ್ಯಾಹ್ನ ಚೀಲದಿಂದ ಅವ್ವನ ರವಿಕೆ ತೆಗೆದು ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದಳು ಎಂದು ದೊಡ್ಡವ್ವ ಫೋನು ಮಾಡಿದರು. ಆಗ ನಾನು ಕಾಕನಕೋಟೆಯ ಕಡೆಯ ಕೇಂದ್ರದಲ್ಲಿ ಅಕ್ಕಿಗೆ ಹುಳ ಬಿದ್ದ ಪಂಚಾಯ್ತಿ ಮಾಡುತ್ತಿದ್ದೆ. ಹಾಗೇ ಅಕ್ಕಿಮೂಟೆಯ ಮೇಲೆ ಕೂತುಬಿಟ್ಟೆ.

ನಾನು ಮತ್ತೆ ಆ ಊರಿಗೆ ಹೋದ ದಿನವೇ ಜೀಪು ಕೆಟ್ಟಿತು. ದನ ಬಂದವು. ಪುಟ್ಟಿ ಎದ್ದು ಚಪ್ಪಲಿ ಹಾಕಿಕೊಂಡು ಮುಂಬಾಗಿಲಿಗೆ ಹೋಗಿ ನಿಂತಳು. ಕುರಿಗಳೂ ಬಂದವು. ಬೀದಿಯ ದೀಪ ಹತ್ತಿತು. ಮೇಸ್ತ್ರಿ ಫೋನು ಮಾಡಿ, ಜೀಪು ಕುಶಾಲನಗರದ ಹತ್ತಿರ ನಿಂತಿದೆ, ಹೆಂಗಸರನ್ನು ಬೇರೆ ಗಾಡಿಗೆ ಹತ್ತಿಸುತ್ತೇನೆ ಎಂದ. "ಅವ್ವ ಈಗ್ಲೇ ಬತ್ತಾಳೆ ಕಣವ್ವ," ಎಂದರು ದೊಡ್ಡವ್ವ ರೂಢಿಯಂತೆ. ಎಂದವರೇ ನಾಲಿಗೆ ಕಚ್ಚಿಕೊಂಡರು. ಮಗುವಿನ ಎದುರು ಕಷ್ಟಪಟ್ಟು ಮೊಣಕಾಲೂರಿ ಕೂತು, "ಇಲ್ಲ ಕಣವ್ವ. ಜೀಪ್ ಕೆಟ್ಟೋಗದೆ. ತಡ ಆಯ್ತದೆ. ಅಲ್ಲೀಗಂಟ ನಾನ್ ಇಲ್ಲೇ ಇವ್ನಿ," ಎಂದರು.

ಪುಟ್ಟಿ ಅವರನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದಳು. ಆಮೇಲೆ ಅತ್ತಳು. ಸಣ್ಣಗೆ ಅಲ್ಲ. ನೆಲಕ್ಕೆ ಬಿದ್ದು, ಕಾಲು ಬಡಿದು, ಉಸಿರು ಕಟ್ಟುವ ಹಾಗೆ ಅತ್ತಳು. ನಾನು, ದೊಡ್ಡವ್ವ ಮುಖ ಮುಖ ನೋಡಿಕೊಂಡೆವು. ಇಷ್ಟು ದಿನ ಅವ್ವ ಬಂದರೂ ಸರಿ, ಬಾರದಿದ್ದರೂ ಸರಿ ಎಂಬಂತಿದ್ದ ಮಗು ಅದು. ದನ ಬಂದ ಮೇಲೆ ಅವ್ವ ಬರುತ್ತಾಳೆ ಎಂದು ನಂಬಿದ್ದರಿಂದ ತಾನೇ ಬಾರದಿದ್ದಾಗ ಅಳು ಬಂದದ್ದು? ದೊಡ್ಡವ್ವ ಅವಳನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಗಾಡಿ ಬಂದಾಗ ಅವಳ ತಾಯಿ ಮಗಳ ದನಿ ಕೇಳಿ ಏನಾಯಿತೋ ಎಂದು ಬರಿಗಾಲಲ್ಲಿ ಓಡಿಬಂದಳು. ಪುಟ್ಟಿ ಎರಡೂ ಕೈ ಚಾಚಿದಳು. ಆ ತಾಯಿ ಎತ್ತಿಕೊಳ್ಳಬೇಕೆಂಬುದೂ ತೋಚದೆ ಒಂದು ಗಳಿಗೆ ಹಾಗೇ ನಿಂತಿದ್ದಳು.

ಮೇಸ್ತ್ರಿಯೂ ಅದೇ ಗಾಡಿಯಲ್ಲಿ ಬಂದಿದ್ದ. ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದವನು ನನ್ನನ್ನು ನೋಡಿ, "ಏನೋ ನಿಮ್ದೊಂದು ಮೇಡಂ. ನಮ್ಮಪ್ಪ ಒತ್ತಾರೆ ಚೊಂಬಿಡ್ಕಂಡು ವೋದೋನು ನಾಕ್ ವರ್ಸ ಬರ್ನಿಲ್ಲ. ವೈನಾಡಲ್ಲಿದ್ದನಂತೆ. ನಾವೇನ್ ಸತ್ತೋದ್ವಾ?" ಎಂದ. ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಚೊಂಬು ಏನಾಯಿತು ಎಂದೆ. "ಅದ್ನೂ ತರ್ನಿಲ್ಲ," ಎಂದ. ಬೀಡಿ ಆರಿಹೋಯಿತು, ಅವನು ಮತ್ತೆ ಹಚ್ಚಲಿಲ್ಲ. ನಾಳೆಯಿಂದ ಬರಬೇಡ ಎಂದು ಬಾಯಿಬಿಟ್ಟು ಹೇಳಲಾರದೆ ಜೀಪು ನಿಲ್ಲಿಸದೆ ಹೋಗುವವನು ಇವನೇ ಎಂಬುದು ನನಗೆ ಆಗ ಹೊಳೆಯಿತು. ಅವನ ಅಪ್ಪ, ಪುಟ್ಟಿಯ ಅಪ್ಪ, ಪುಟ್ಟಿಯ ಅಜ್ಜಿ, ಎಲ್ಲರೂ ಹೇಳದೆ ಎದ್ದು ಹೋದವರೇ. ಕಟುಕರೇನಲ್ಲ. ಎದುರಿನವರ ಅಳು ನೋಡಲಾರದವರು. ಹಾಗೆ ಬೆಳೆದವರಿಗೆ ಯಾರ ಮಾತನ್ನೂ ಪೂರ್ತಿ ನಂಬಲಾಗುವುದಿಲ್ಲ, ತಾವೂ ಯಾರಿಗೂ ಮಾತು ಕೊಡುವುದಿಲ್ಲ. ಊರಿಗೆ ಊರೇ ಹೀಗಾದರೆ ಅದನ್ನು ಸ್ವಭಾವ ಎನ್ನುತ್ತೇವೆ.

ಆ ತಿಂಗಳು ಪುಟ್ಟಿಯ ತೂಕ ಏರಿತು. ಪಟ್ಟಿ ಇನ್ನೂ ಹಳದಿಯಲ್ಲೇ ಇತ್ತು, ಹಸಿರಿನ ಅಂಚಿಗೆ ಬಂದಿತ್ತು. ಅಂತರಸಂತೆಯ ಮಾತು ನಿಂತಿತು. ನಾನು ಹುಣಸೂರಿಗೆ ಬಂದು ಎರಡು ದಿನ ಮೈಮರೆತು ಮಲಗಿದೆ.

ಆಮೇಲೆ ಕಚೇರಿಯಿಂದ ಫೋನು ಬಂತು. ನೆರವು ನೀಡುತ್ತಿದ್ದವರು ಈ ವರ್ಷಕ್ಕೆ ಸಾಕು ಎಂದಿದ್ದರು. ದೂರದ ಕೇಂದ್ರಗಳನ್ನು ಮುಚ್ಚುವುದೆಂದು ನಿರ್ಧಾರವಾಗಿತ್ತು, ಇದೂ ಅದರಲ್ಲಿ ಒಂದು. ಶನಿವಾರದವರೆಗೆ ಎಂದಿನಂತೆ ನಡೆಸಿ, ಸೋಮವಾರ ಬೀಗ ಹಾಕಿ ಬನ್ನಿ, ಮೊದಲೇ ಹೇಳಿದರೆ ಜನ ಗಲಾಟೆ ಮಾಡುತ್ತಾರೆ ಎಂದರು. ಆ ಕಡೆಯ ದನಿ ಮೃದುವಾಗಿತ್ತು. ಅವರಿಗೂ ಬೇಸರವಿತ್ತು. ಸುಮ್ಮನೆ ಯಾಕೆ ಎಲ್ಲರಿಗೂ ನೋವು ಎಂದರು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಕೂಗಾಡಲು ಶಕ್ತಿ ಇರಲಿಲ್ಲ. ಇಲ್ಲ, ನಾನು ಹೇಳಿಯೇ ಮುಚ್ಚುತ್ತೇನೆ, ಕಾಫಿ ಮುಗಿಯುವವರೆಗಾದರೂ ಸಮಯ ಕೊಡಿ ಎಂದೆ. ಎರಡು ವಾರ ಕೊಟ್ಟರು. ಪಂಚಾಯಿತಿಗೆ ಹೋದೆ, ಮುಂದಿನ ವರ್ಷ ನೋಡೋಣ ಎಂದರು. ಪಿರಿಯಾಪಟ್ಟಣದಲ್ಲಿ ಒಬ್ಬಿಬ್ಬರನ್ನು ಕಂಡೆ, ಚಹಾ ಕೊಟ್ಟರು. ಭಾನುವಾರ ತಾಯಂದಿರನ್ನು ಕೂಡಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಗಲಾಟೆಯಾಯಿತು. "ನಡು ನೀರಲ್ ಕೈ ಬುಟ್ರಲ್ಲ ಮೇಡಂ," ಎಂದು ಒಬ್ಬಳು ಕೂಗಿದಳು. ಸರಿಯಾಗಿಯೇ ಕೂಗಿದಳು. ತಲೆ ತಗ್ಗಿಸಿ ಕೇಳಿಸಿಕೊಂಡೆ. ದೊಡ್ಡವ್ವ ಎದ್ದು ಹೋಗಿ ಪಾತ್ರೆ ತಿಕ್ಕತೊಡಗಿದರು, ತಿಕ್ಕಿದ ಪಾತ್ರೆಯನ್ನೇ ತಿಕ್ಕಿದರು. ಉಳಿದ ದಿನಗಳಲ್ಲಿ ಪ್ರತಿ ಮಗುವನ್ನೂ ಕೂರಿಸಿಕೊಂಡು, ಇನ್ನು ಇಲ್ಲಿಗೆ ಬರುವುದಿಲ್ಲ, ದೊಡ್ಡವ್ವ ಬೀದಿಯಲ್ಲಿ ಸಿಗುತ್ತಾರೆ, ಇಲ್ಲಿ ಸಿಗುವುದಿಲ್ಲ ಎಂದು ಅವರೇ ಹೇಳಿದರು. ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.

ಪುಟ್ಟಿಯ ತಾಯಿಗೆ ಬೇರೆ ದಾರಿ ಇರಲಿಲ್ಲ. ಕೆಲಸ ಬಿಡುವಂತಿಲ್ಲ, ನೋಡಿಕೊಳ್ಳುವವರಿಲ್ಲ. ದೊಡ್ಡವ್ವ ಕೂಲಿ ಕೆಲಸಕ್ಕೆ ಮರಳಬೇಕಿತ್ತು. ಕೊನೆಗೂ ಅಂತರಸಂತೆಯೇ ಗತಿಯಾಯಿತು. ಇಷ್ಟೆಲ್ಲ ಹೆಣಗಾಡಿದ್ದು ಇದನ್ನು ತಪ್ಪಿಸಲೆಂದೇ ಅಲ್ಲವೇ ಎನ್ನಿಸಿ ನನಗೆ ಅನ್ನ ಸೇರಲಿಲ್ಲ.

ಎಚ್.ಡಿ. ಕೋಟೆಯ ಬಸ್ಸು ಹಿಡಿಯಲು ಅವರು ಹುಣಸೂರಿನಲ್ಲಿ ಇಳಿದಾಗ ನಿಲ್ದಾಣಕ್ಕೆ ಹೋದೆ. ಪುಟ್ಟಿಯ ಕೈಯಲ್ಲಿ ಬನ್ನು, ತೊಡೆಯ ಮೇಲೆ ಬಟ್ಟೆಯ ಚೀಲ. "ಯೋಳಿವ್ನಿ ಕಣಕ್ಕಾ," ಎಂದಳು ತಾಯಿ. "ಅಜ್ಜಿ ಅಟ್ಟಿಗ್ ವೋಯ್ತಾ ಇದ್ದೀವಿ, ಅಲ್ಲಿ ನಿನ್ ಬುಟ್ಟು ನಾ ವಾಪಸ್ ಬತ್ತೀನಿ, ಬಾನ್ವಾರ ನೋಡಕ್ಬತ್ತೀನಿ ಅಂತ. ಬಸ್ಸಲ್ಲಿ ವಸಿ ಅತ್ಲು. ಮಲಗಿರೋ ಒತ್ನಲ್ಲಿ ಬರಾಕಿಲ್ಲ. ಎದ್ದಿರೋವಾಗ್ಲೇ ಬತ್ತೀನಿ." ಬಸ್ಸು ಹೊರಟಿತು. ಪುಟ್ಟಿ ಕಿಟಕಿಯಿಂದ ನನ್ನನ್ನು ನೋಡಿದಳು, ಕೈ ಬೀಸಲಿಲ್ಲ. ನಾನು ಬೀಸಿದೆ.

ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಅವಳ ಫೋನು ಬಂತು. ದನಿ ಒಡೆದಿತ್ತು. ಕೊಯ್ಲು ಮುಗಿಸುವ ಅವಸರವಿದ್ದುದರಿಂದ ಆ ಭಾನುವಾರ ರಜೆ ಇಲ್ಲವೆಂದು ಮೇಸ್ತ್ರಿ ಹೇಳಿದ್ದನಂತೆ. ನಾನು ಬರುವುದಿಲ್ಲ, ಮಗಳಿಗೆ ಮಾತು ಕೊಟ್ಟಿದ್ದೇನೆ ಎಂದು ಅವನಿಗೆ ಎದುರಿಗೇ ಹೇಳಿ ಹೋಗಿದ್ದಳು. ಈ ಬೆಳಿಗ್ಗೆ ಜೀಪು ಅವಳ ಮನೆಯ ಮುಂದೆ ನಿಲ್ಲಲಿಲ್ಲ.

ಅವನ ಹತ್ತಿರ ಮಾತಾಡುತ್ತೇನೆ, ನೀನು ಅಳಬೇಡ ಎಂದೆ.

"ವೋಗ್ಲಿ ಬುಡಿ ಜೀಪು, ಬ್ಯಾರೆ ಗುಂಪಿಗ್ ವೋಯ್ತೀನಿ. ಅದ್ಕಲ್ಲ ಕಣಕ್ಕಾ ಪೋನ್ ಮಾಡಿದ್ದು. ನಿನ್ನೆ ವೋದ್ನಲ್ಲ, ನನ್ ಕಂಡಿದ್ದೇ ತಡ ಪುಟ್ಟಿ ಮೂಲೆಗ್ ವೋಗಿ ನಿಂತ್ಕಂಡ್ಲು. ಎತ್ಕಳಕ್ ವೋದ್ರೆ ಹೊಡುದ್ಲು. ಎರಡ್ ಕೈಲೂ ಮಖದ್ ಮ್ಯಾಲೇ ಹೊಡುದ್ಲು. ಆಮೇಕೆ ಕತ್ ಇಡ್ಕಂಡೋಳು ಸಂದೆ ಗಂಟ ಬುಡ್ನೇ ಇಲ್ಲ. ಬರೋವಾಗ ಯೋಳಿ ಬಂದೆ. ಕೂಗ್ತಾನೇ ಇದ್ಲು."

ಹೊಡೆದದ್ದು ಒಳ್ಳೆಯದೇ, ನಿನ್ನನ್ನೇ ಕಾಯುತ್ತಿದ್ದಳಲ್ಲ, ಅದಕ್ಕೇ ಅಷ್ಟು ಸಿಟ್ಟು ಎಂದೆ.

"ನಮ್ಮವ್ವ ಕಾಪಿ ಮುಗ್ಸಿ ನನ್ ನೋಡಕ್ ಬಂದಾಗ ನಾನ್ ಹೊಡೀನಿಲ್ಲ ಕಣಕ್ಕಾ," ಎಂದಳು. "ಯಾರೋ ನೆಂಟ್ರು ಬಂದವ್ರೆ ಅಂತ ಕುಡಿಯಕ್ಕೆ ನೀರ್ ತಂದ್ ಕೊಟ್ಟೆ."